ಮಾಳಿಗೆ ಮೇಲಿನ ಗಿಡಗಳು ಒಣಗಿದವು, ಹವ್ಯಾಸವನ್ನೇ ಬಿಟ್ಟುಬಿಡಲೇ?

ಪ್ರಶ್ನೆ: ನಮಸ್ಕಾರ್ರೀ. ನನಗ 43 ವರ್ಷ, ಕಲಬುರಗಿಯೊಳಗ ಬ್ಯಾಂಕಿನ ಕೆಲಸ. ಮನಿಗೆ ಬಂದ್ರೂ ಆಫೀಸಿನ ವಾಟ್ಸಾಪ್ ಗ್ರೂಪ್ ಬಿಡಂಗಿಲ್ಲ. ರಾತ್ರಿ ಫೋನ್ ನೋಡ್ತಾ ನೋಡ್ತಾ ಹನ್ನೆರಡು ಆಗ್ತದ. ಏನಾದ್ರೂ ಒಂದು ಹವ್ಯಾಸ ಹಿಡಿ, ಮನಸ್ಸು ಹಗುರ ಆಗ್ತದ ಅಂತ ಎಲ್ಲಾರೂ ಹೇಳಿದ್ರು. ಅದಕ್ಕ ಮಾರ್ಚ್ ಎರಡನೇ ವಾರ ನರ್ಸರಿಯಿಂದ 34 ಗಿಡ ತಂದು ಮಾಳಿಗಿ ಮ್ಯಾಲ ಇಟ್ಟೆ. ಗುಲಾಬಿ, ಮಲ್ಲಿಗಿ, ದಾಸವಾಳ, ಟೊಮೆಟೊ, ಸ್ನೇಕ್ ಪ್ಲಾಂಟ್ ಎಲ್ಲಾ ಇದ್ವು. ಕರಿ ಪ್ಲಾಸ್ಟಿಕ್ ಕುಂಡ, ಹೊಲದಿಂದ ತರಿಸಿದ ಎರೆ ಮಣ್ಣು. ದಿನಾ ಎರಡು ಹೊತ್ತು ಬೋರ್ ನೀರು ಹಾಕ್ತಿದ್ದೆ, ಕೂಲರಿನ್ಯಾಗ ಉಳಿದ ನೀರೂ ಹಾಕ್ತಿದ್ದೆ. ಮೇ ಮುಗಿಯೋದ್ರಾಗ 22 ಒಣಗಿದ್ವು, ಉಳಿದವು ಬರೀ ಕಡ್ಡಿ. ನಮ್ಮ ಅತ್ತಿಯವರು ‘ನಿನ್ನ ಕೈಗುಣಾನೇ ಸರಿ ಇಲ್ಲ’ ಅಂತಾರ. ಈಗ ಮಾಳಿಗಿ ಹತ್ತೋದಂದ್ರೇ ಸಂಕಟ ಆಗ್ತದ. ಇದನ್ನ ಬಿಟ್ಟು ಕ್ರೋಶಾ, ಬಣ್ಣ ತುಂಬೋದು ಅಂಥಾದ್ದೇನಾದ್ರೂ ಹಿಡೀಲೇನು? ಮಣ್ಣು ಮುಟ್ಟಿದ್ರ ಖಿನ್ನತಿ ಹೋಗ್ತದ ಅಂತ ವಿಡಿಯೋದಾಗ ಹೇಳ್ತಾರಲ್ಲ, ಅದು ಖರೇನೇನು? ಎರಡು ತಿಂಗಳಿಂದ ನಿದ್ದಿನೂ ಸರಿ ಇಲ್ಲ. ನಮ್ಮದು ಶಹಾಬಾದ್ ಫರ್ಸಿ ಹಾಕಿದ ಹಳೇ ಮನಿ, ಮ್ಯಾಲ ಅಷ್ಟು ಕುಂಡ ಇಡಬಹುದೇನು ಅನ್ನೋದೂ ಒಂದು ಚಿಂತಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಕಲಸಿಕೊಂಡಿವೆ. ಗಿಡಗಳೇಕೆ ಒಣಗಿದವು ಎಂಬುದು ಒಂದು. ಹಗುರಾಗಲೆಂದು ಹಿಡಿದ ಕೆಲಸವೇ ಭಾರವೇಕಾಯಿತು ಎಂಬುದು ಇನ್ನೊಂದು. ಮೂರನೆಯದು ನಿದ್ದೆ. ನನ್ನದು ತೋಟಗಾರಿಕೆ, ಮೊದಲೆರಡಕ್ಕೆ ವಿವರವಾಗಿಯೇ ಉತ್ತರಿಸಬಲ್ಲೆ. ನಿದ್ದೆಯ ವಿಷಯ ನನ್ನ ಕ್ಷೇತ್ರದ್ದಲ್ಲ, ಆದರೂ ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ.

ನಿದ್ದೆಗೇಡು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಅಳು ಉಕ್ಕುವುದು, ಹಸಿವು ಕೆಡುವುದು ಇಂಥವು ಎರಡು ವಾರ ದಾಟಿ ಉಳಿದಿದ್ದರೆ ವೈದ್ಯರನ್ನು ಕಾಣಬೇಕು. ನಿಮ್ಮದು ಎರಡು ತಿಂಗಳಾಗಿದೆ. ಥೈರಾಯ್ಡ್ ಏರುಪೇರಾದರೂ ನಿದ್ದೆ ಕೆಡುತ್ತದೆ, ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗಲೂ ಕೆಡುತ್ತದೆ. ರಕ್ತಹೀನತೆಯಿದ್ದರೆ ಸುಸ್ತು, ಬೇಸರ ಬೆನ್ನು ಬಿಡುವುದಿಲ್ಲ. ಇವುಗಳಿಗೆ ಯಾವ ಗಿಡದಲ್ಲೂ ಔಷಧವಿಲ್ಲ, ಪರೀಕ್ಷೆಯೇ ಆಗಬೇಕು. ಮನಸ್ಸಿನ ಮಾತು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹವ್ಯಾಸ ಸಿಕ್ಕಿತೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಇನ್ನು ಮುಂದಿನದೆಲ್ಲ ದಿನನಿತ್ಯದ ಒತ್ತಡದ ಮಟ್ಟಿಗೆ ಹೇಳುವ ಮಾತು.

ಕೈಗುಣದ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ತೊಗರಿ ಬಿತ್ತುವ ರೈತ ಮಾರ್ಚ್‌ನಲ್ಲಿ ಹೊಲಕ್ಕೆ ಬೀಜ ಹಾಕುವುದಿಲ್ಲ, ಹಾಕಿ ಒಣಗಿಸಿಕೊಂಡರೆ ಯಾರೂ ಅವನ ಕೈಗುಣ ಕೆಟ್ಟದ್ದೆನ್ನುವುದೂ ಇಲ್ಲ. ನೀವು ಮಾಡಿದ್ದು ಅದೇ. ನರ್ಸರಿಯಲ್ಲಿ ಹಸಿರು ಬಲೆಯ ನೆರಳಲ್ಲಿ ಬೆಳೆದ ಎಳೆ ಗಿಡಗಳನ್ನು, ವರ್ಷದ ಅತಿ ಕೆಟ್ಟ ಮೂರು ತಿಂಗಳಿಗೆ ಮುಂಚೆ, ತೆರೆದ ಮಾಳಿಗೆಗೆ ತಂದಿರಿಸಿದಿರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ನೆರಳಿನಲ್ಲಿ ಅಳೆದ ಲೆಕ್ಕವದು. ಕಾದ ಫರ್ಸಿ ಕಲ್ಲಿನ ಮೇಲೆ ಕೂತ ಕರಿ ಕುಂಡದ ಕಥೆ ಬೇರೆ: ಪಡುವಣ ಬಿಸಿಲು ಬೀಳುವ ಬದಿಯ ಮಣ್ಣು 45 ಡಿಗ್ರಿಗಿಂತ ಮೇಲೇರುತ್ತದೆ. ಹೆಚ್ಚಿನ ಗಿಡಗಳ ಎಳೆ ಬೇರು 40ರ ಆಸುಪಾಸಿಗೇ ಕೆಲಸ ನಿಲ್ಲಿಸುತ್ತದೆ. ಆಮೇಲೆ ಮಣ್ಣಲ್ಲಿ ಎಷ್ಟೇ ನೀರಿದ್ದರೂ ಅದನ್ನು ಹೀರಲು ಬೇರು ಉಳಿದಿರುವುದಿಲ್ಲ. ಗಿಡ ಬಾಡುತ್ತದೆ, ನಾವು ಇನ್ನಷ್ಟು ನೀರು ಸುರಿಯುತ್ತೇವೆ, ಸುಟ್ಟ ಬೇರು ಕೊಳೆಯುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತು ಬಿದ್ದಿದ್ದ ಗಿಡಗಳು ನಿಮ್ಮಲ್ಲಿ ಇದ್ದಿದ್ದರೆ ಅವು ಸತ್ತದ್ದು ಹೀಗೆ. ಟೊಮೆಟೊ ಬದುಕಿದ್ದರೂ ಕಾಯಿ ಕಚ್ಚುತ್ತಿರಲಿಲ್ಲ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಅದರ ಹೂ ಉದುರುತ್ತದೆ. ಬೀದರ್ ಎತ್ತರದ ಮೇಲಿದೆ, ಅಲ್ಲಿನವರಿಗೆ ಒಂದೆರಡು ಡಿಗ್ರಿಯ ವಿನಾಯಿತಿ ಸಿಗುತ್ತದೆ. ಕಲಬುರಗಿ, ಯಾದಗಿರಿಯವರಿಗೆ ಅದೂ ಇಲ್ಲ.

ಎರಡನೆಯದು ಮಣ್ಣು. ಹೊಲದಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು, ಬಂಗಾರ, ಕುಂಡದಲ್ಲಿ ಅದೇ ತಾಪತ್ರಯ. ಒದ್ದೆಯಾದರೆ ಉಬ್ಬಿ ಅಂಟಾಗುತ್ತದೆ, ಗಾಳಿಯಾಡುವುದಿಲ್ಲ. ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿನಲ್ಲಿ ನೀರು ಸರ್ರನೆ ಇಳಿದು ತಳದ ತೂತಿನಿಂದ ಹೊರಬರುತ್ತದೆ. ನೀರು ಹರಿದದ್ದು ನೋಡಿ ‘ಸಾಕು’ ಎಂದುಕೊಳ್ಳುತ್ತೀರಿ, ಬೇರಿನ ಸುತ್ತಲ ಹೆಂಟೆ ಮಾತ್ರ ಒಣಗಿಯೇ ಇರುತ್ತದೆ. ಇದಕ್ಕೆ ಇನ್ನೊಂದು ಸೇರುತ್ತದೆ. ದೂರದ ನರ್ಸರಿಗಳಿಂದ ಲಾರಿಯಲ್ಲಿ ಬರುವ ಗುಲಾಬಿ, ದಾಸವಾಳಗಳ ಬೇರಿನ ಸುತ್ತ ಗಟ್ಟಿ ಜೇಡಿಯ ಉಂಡೆ ಇರುತ್ತದೆ, ಸಾಗಿಸುವಾಗ ಒಡೆಯದಿರಲೆಂದು. ಅದನ್ನು ನೆನೆಸಿ ಸಡಿಲಿಸದೆ ಹಾಗೇ ಹೂತರೆ ಉಂಡೆಯೊಳಗೆ ನೀರು ಹೋಗುವುದೇ ಇಲ್ಲ.

ಮೂರನೆಯದು ನೀರು, ಅದರಲ್ಲೂ ಕೂಲರಿನ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಮನೆಮನೆಯಲ್ಲೂ ನಡೆಯುವ ತಪ್ಪಿದು. ಬೋರ್ ನೀರಿನಲ್ಲಿ ಸುಣ್ಣದ ಅಂಶ, ಲವಣ ಇದ್ದೇ ಇರುತ್ತದೆ. ಶಹಾಬಾದ್, ಸೇಡಂ ಕಡೆ ನೆಲದಡಿಯೇ ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೇ ಅದಕ್ಕೆ. ಕೂಲರಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಬೋರ್ ನೀರು ತುಂಬುತ್ತೀರಿ, ಮತ್ತೆ ಆವಿ. ನಾಲ್ಕೈದು ದಿನಕ್ಕೆ ತಳದಲ್ಲಿ ಉಳಿಯುವುದು ಮೊದಲಿಗಿಂತ ಹಲವು ಪಟ್ಟು ಉಪ್ಪಿನ ನೀರು. ಅದು ನೆಲ ತೊಳೆಯಲು ಸರಿ, ಗಿಡಕ್ಕೆ ವಿಷ. ಆರ್‌ಒ ಯಂತ್ರ ಹೊರಬಿಡುವ ನೀರಿಗೂ ಇದೇ ಮಾತು. ಏಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಬೇರೆ, ಅದು ಗಾಳಿಯ ತೇವ ಹನಿಯಾದದ್ದು. ಉಪ್ಪಿಲ್ಲ, ಧಾರಾಳವಾಗಿ ಹಾಕಿ.

ಉಪ್ಪು ಏರಿದ ಗುರುತು ಸುಲಭ: ಮಣ್ಣಿನ ಮೇಲೂ ಕುಂಡದ ಅಂಚಿಗೂ ಬಿಳಿ ಪೊರೆ, ಹಳೆ ಎಲೆಗಳ ಅಂಚು ಕಂದಾಗಿ ಸುಟ್ಟಂತೆ. ಸುಣ್ಣ ಹೆಚ್ಚಾದ ಗುರುತು ಹೊಸ ಎಲೆಗಳಲ್ಲಿದೆ: ಎಲೆ ಹಳದಿ, ನರ ಮಾತ್ರ ಹಸಿರು. ಮಣ್ಣಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ದಕ್ಕದ ಸ್ಥಿತಿಯಿದು. ಗುಲಾಬಿ, ಮಲ್ಲಿಗೆ, ದಾಸವಾಳಗಳಲ್ಲಿ ಬೇಗ ಕಾಣುತ್ತದೆ. ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿದ ಲವಣ ಎಷ್ಟು ಮಿಲಿಗ್ರಾಂ ಎಂದು ಅಳೆಯುವ ಪೆನ್ನಿನಂಥ ಸಾಧನ ಸಿಗುತ್ತದೆ. 450ರ ಒಳಗಿದ್ದರೆ ನಿಶ್ಚಿಂತೆ. 2000 ದಾಟಿದರೆ ಆ ನೀರು ಕುಂಡಕ್ಕೆ ಬೇಡವೇ ಬೇಡ. ನಡುವಿನದಾದರೆ ಬಳಸಬಹುದು, ಆದರೆ ಮಳೆಗಾಲದಲ್ಲಿ ಕುಂಡಗಳನ್ನು ಒಳ್ಳೆಯ ಮಳೆಗೆ ಬಿಟ್ಟು ಉಪ್ಪು ತೊಳೆಸಬೇಕು.

ಅಂದ ಹಾಗೆ, ಹಗಲು ನೀರು ಚಿಮುಕಿಸಿದರೆ ಹನಿಗಳು ಭೂತಗನ್ನಡಿಯಂತಾಗಿ ಎಲೆ ಸುಡುತ್ತವೆ ಎಂಬ ಮಾತು ನಯವಾದ ಎಲೆಗಳ ಮಟ್ಟಿಗೆ ನಿಜವಲ್ಲ. ಮಧ್ಯಾಹ್ನ ನೀರು ಬೇಡ ಎನ್ನುವುದಕ್ಕೆ ನಿಜವಾದ ಕಾರಣ ಬೇರೆ: ಮಾಳಿಗೆಯ ಪೈಪಿನಲ್ಲೂ ಟ್ಯಾಂಕಿನಲ್ಲೂ ಆ ಹೊತ್ತಿಗೆ ನೀರು ಕೈ ಸುಡುವಷ್ಟು ಕಾದಿರುತ್ತದೆ.

ಇಷ್ಟೆಲ್ಲ ಗಿಡದ ಕಥೆ. ನಿಮ್ಮ ಕಥೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಒಂದು ಲೆಕ್ಕ ಹಾಕಿ. ಮೇ ತಿಂಗಳಲ್ಲಿ 12 ಇಂಚಿನ ಕುಂಡವೊಂದಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಬೇಕು. 34 ಕುಂಡಕ್ಕೆ 51 ಲೀಟರ್. ಕುಂಡಕ್ಕೆ ಒಂದು ನಿಮಿಷವೆಂದರೂ ಎರಡು ಹೊತ್ತಿಗೆ ಒಂದು ಗಂಟೆ ಎಂಟು ನಿಮಿಷ. ಅದೂ ನೀವು ಶುರು ಮಾಡಿದ್ದು ಬ್ಯಾಂಕಿನವರಿಗೆ ವರ್ಷದಲ್ಲೇ ಉಸಿರು ಕಟ್ಟುವ ಮಾರ್ಚ್‌ನಲ್ಲಿ. ಒಂದು ದಿನ ತಪ್ಪಿದರೆ ಗಿಡ ಬಾಡುವ ಹೆದರಿಕೆ, ತಪ್ಪದಿದ್ದರೂ ಹೇಗೋ ಬಾಡುತ್ತಿತ್ತು. ನೀವು ಹಿಡಿದದ್ದು ಸಂಬಳವಿಲ್ಲದ ಇನ್ನೊಂದು ನೌಕರಿ. ಹವ್ಯಾಸದಿಂದ ಮನಸ್ಸು ಹಗುರಾಗುವುದು ಅದು ಪುಟ್ಟದಾಗಿದ್ದಾಗ, ಬಿಟ್ಟರೂ ನಡೆಯುವಂತಿದ್ದಾಗ, ಅದಕ್ಕೊಂದು ಮುಗಿಯುವ ಹೊತ್ತು ಇದ್ದಾಗ. ಮನೆ ತೋಟದ ಸಲಹೆ ಕೇಳಿ ಬರುವವರಲ್ಲಿ ಬಿಟ್ಟುಹೋಗುವವರು ಹೆಚ್ಚಾಗಿ ಮೊದಲ ತಿಂಗಳೇ ಮೂವತ್ತು ನಲವತ್ತು ಗಿಡ ಕೊಂಡವರು. ನಾಲ್ಕು ಕುಂಡದಿಂದ ಶುರು ಮಾಡಿದವರು ಬಿಡುವುದು ಅಪರೂಪ.

ಮಣ್ಣು ಮುಟ್ಟಿದರೆ ಖಿನ್ನತೆ ಹೋಗುತ್ತದೆ ಎನ್ನುವ ವಿಡಿಯೋಗಳ ಮೂಲ ಒಂದು ಬ್ಯಾಕ್ಟೀರಿಯಾ, ಮೈಕೋಬ್ಯಾಕ್ಟೀರಿಯಂ ವ್ಯಾಕೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಇಲಿಗಳಿಗೆ ಚುಚ್ಚಿ ಕೊಟ್ಟಾಗ ಮಿದುಳಿನಲ್ಲಿ ಸೆರೊಟೋನಿನ್‌ಗೆ (ಮನಸ್ಥಿತಿಯಲ್ಲಿ ಪಾತ್ರವಿರುವ ರಾಸಾಯನಿಕ) ಸಂಬಂಧಿಸಿದ ಕೋಶಗಳು ಚುರುಕಾದವು. ಇಲಿಗೆ ಚುಚ್ಚಿದ್ದಕ್ಕೂ ನೀವು ಕುಂಡದ ಮಣ್ಣು ಕೆದಕುವುದಕ್ಕೂ ನಡುವೆ ಬಹಳ ದೂರವಿದೆ. ಸ್ನೇಕ್ ಪ್ಲಾಂಟ್ ಮನೆಯ ಗಾಳಿ ಶುದ್ಧ ಮಾಡುತ್ತದೆ ಎಂಬುದೂ ಹೀಗೆಯೇ. ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲಿರುವ ಮನೆಯಲ್ಲಿ ಗಾಳಿಯಾಡುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದಲೇ ಆಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು 2019ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿತು. ಚಂದ ಕಾಣುತ್ತದೆಂದು ಇಟ್ಟುಕೊಳ್ಳಿ, ಅಷ್ಟು ಸಾಕು.

ಹಾಗೆಂದು ತೋಟದ ಕೆಲಸದಿಂದ ಏನೂ ಇಲ್ಲವೆಂದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 30 ಜನರಿಗೆ ತಲೆ ಬಿಸಿಯಾಗುವಂಥ ಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಅರ್ಧದಷ್ಟು ಜನರನ್ನು ಅರ್ಧ ಗಂಟೆ ತೋಟದ ಕೆಲಸಕ್ಕೂ ಉಳಿದವರನ್ನು ಒಳಗೆ ಕೂತು ಓದುವುದಕ್ಕೂ ಹಚ್ಚಿದರು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ತೋಟದವರಲ್ಲಿ ಹೆಚ್ಚು ಇಳಿಯಿತು. ಕೆಟ್ಟಿದ್ದ ಮನಸ್ಸು ಅವರಲ್ಲೇ ಪೂರ್ತಿ ಸರಿಹೋದದ್ದು. ಚಿಕ್ಕ ಪ್ರಯೋಗ, ಮತ್ತು ಅವರೆಲ್ಲ ಮೊದಲಿಂದ ತೋಟ ಮಾಡುತ್ತಿದ್ದವರು. ಆದರೂ ಅರ್ಧ ಗಂಟೆ ಎಂಬ ಅಳತೆಯನ್ನು ಗಮನಿಸಿ. ಎರಡೂ ಕೈಗೆ ಕೆಲಸ, ಮೈಗೆ ಹದವಾದ ಶ್ರಮ, ಕಣ್ಣಿಗೆ ಪರದೆಯಿಂದ ಬಿಡುವು. ಪರಿಣಾಮ ಇಷ್ಟರಿಂದಲೇ ಬರುತ್ತಿರಬೇಕೆಂದು ನನ್ನ ಅಂದಾಜು.

ಅದಕ್ಕೇ ಕ್ರೋಶಾ, ಬಣ್ಣ ಹಚ್ಚುವುದು ಕೂಡ ಕೆಲಸ ಮಾಡುತ್ತವೆ. ಕ್ರೋಶಾಕ್ಕೆ 4 ಮಿಲಿಮೀಟರ್ ಸೂಜಿ, ಮಧ್ಯಮ ದಪ್ಪದ ತಿಳಿ ಬಣ್ಣದ ದಾರ ತೆಗೆದುಕೊಳ್ಳಿ. ಕಪ್ಪು ದಾರದಲ್ಲಿ ಕಲಿಯುವವರಿಗೆ ಹೊಲಿಗೆ ಕಾಣುವುದಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಿಮಗೆ ಅದರ ಅಪಾಯ ಕುತ್ತಿಗೆ ಮತ್ತು ಮಣಿಕಟ್ಟು, ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಏಳಬೇಕು. ಬಣ್ಣದ ಪುಸ್ತಕ ಅಗ್ಗ, ಆದರೆ ಫೋನ್ ಪಕ್ಕದಲ್ಲೇ ಇದ್ದರೆ ಹತ್ತು ನಿಮಿಷಕ್ಕೆ ಕೈ ಅತ್ತ ಹೋಗುತ್ತದೆ. ಸಂಜೆ ಅಪ್ಪನ ಕೆರೆಯ ದಂಡೆಗೆ ಅರ್ಧ ಗಂಟೆ ನಡೆಯುವುದು ಖರ್ಚಿಲ್ಲದ್ದು, ನಿದ್ದೆಗೂ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಮಾತ್ರ ಏಳರ ನಂತರ ಹೋಗಿ. ವಚನ, ತತ್ವಪದ ಹಾಡುವ ಭಜನಾ ಗುಂಪು ನಿಮ್ಮ ಓಣಿಯಲ್ಲಿದ್ದರೆ ಅದನ್ನು ಕಡೆಗಣಿಸಬೇಡಿ. ಉದ್ದನೆಯ ಸಾಲು ಹಾಡುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ಜನರ ಜೊತೆಯೂ ಸಿಗುತ್ತದೆ.

ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಗಿಡ ಬೇಕೆಂದೇ ಕಾಣುತ್ತದೆ. ಬೇಡವಾಗಿದ್ದರೆ ಎರಡು ತಿಂಗಳು ದಿನಾ ಎರಡು ಹೊತ್ತು ಹತ್ತಿ ಇಳಿಯುತ್ತಿರಲಿಲ್ಲ. ಹಾಗಾಗಿ ನನ್ನ ಸಲಹೆ: ಎಂಟು ಕುಂಡ ಇಟ್ಟುಕೊಳ್ಳಿ, ಉಳಿದದ್ದು ಬಿಡಿ. ಪೂರ್ತಿ ಬಿಟ್ಟರೂ ತಪ್ಪಿಲ್ಲ, ‘ನನ್ನ ಕೈಲಾಗಲಿಲ್ಲ’ ಎಂಬ ಚುಚ್ಚು ಮಾತ್ರ ಉಳಿದುಬಿಡಬಹುದು. 34ನ್ನೂ ಮತ್ತೆ ತುಂಬಿಸಿದರೆ ಬರುವ ಮಾರ್ಚ್‌ಗೆ ಇದೇ ಪತ್ರ ಬರೆಯುತ್ತೀರಿ. ಒಳಗಿನ ಕಿಟಕಿಗೆ ಎರಡು ಮನಿ ಪ್ಲಾಂಟ್ ಇಟ್ಟು ಸುಮ್ಮನಾಗುವುದೂ ಒಂದು ದಾರಿ, ಅದರಲ್ಲಿ ಕೈಗೆ ಮಾತ್ರ ಕೆಲಸವಿಲ್ಲ.

ಈ ಉತ್ತರ ಬರೆಯುವ ಹೊತ್ತಿಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದೆ. ಶುರು ಮಾಡಲು ಇದೇ ಕಾಲ. ಮೊದಲು ಸತ್ತವೆಂದು ತಿಳಿದ ಗಿಡಗಳನ್ನೆಲ್ಲ ಒಮ್ಮೆ ನೋಡಿ. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ದಾಸವಾಳ, ಮಲ್ಲಿಗೆ, ಗುಲಾಬಿಗಳಲ್ಲಿ ಇಂಥವು ನಾಲ್ಕೈದಾದರೂ ಸಿಗಬಹುದು. ಅವನ್ನು ಒಂದಡಿ ಎತ್ತರಕ್ಕೆ ಕತ್ತರಿಸಿ, ಗೊಬ್ಬರ ಹಾಕದೆ, ಅರೆನೆರಳಿನಲ್ಲಿಟ್ಟು ಜುಲೈ ಕೊನೆಯವರೆಗೆ ಕಾಯಿರಿ. ಕಸಿ ಗುಲಾಬಿಗೆ ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಚಿವುಟಿ ತೆಗೆಯಿರಿ, ಅದು ಕಾಡು ಬೇರಿನ ಚಿಗುರು. ತೊಗಟೆಯೊಳಗೆ ಕಂದು ಬಣ್ಣ, ಕಡ್ಡಿ ಪಟ್ಟೆಂದು ಮುರಿಯುತ್ತದೆ ಎಂದಾದರೆ ಕಿತ್ತುಬಿಡಿ.

ಮಣ್ಣಿನ ಹದ, 12 ಇಂಚಿನ ಎಂಟು ಕುಂಡಗಳಿಗೆ, ಹತ್ತು ಲೀಟರಿನ ಬಕೆಟ್ ಲೆಕ್ಕದಲ್ಲಿ: ಕೆಂಪು ಮಣ್ಣು ನಾಲ್ಕು ಬಕೆಟ್, ನಿಮ್ಮಲ್ಲಿರುವ ಎರೆ ಮಣ್ಣನ್ನು ಒಣಗಿಸಿ ಪುಡಿ ಮಾಡಿದ್ದು ಎರಡು, ಎರೆಹುಳು ಗೊಬ್ಬರ ಎರಡು, ತೊಳೆದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಎರಡು. ಬೇವಿನ ಹಿಂಡಿ ಕುಂಡಕ್ಕೆ ಎರಡು ಹಿಡಿ, ಅಂದರೆ ನೂರು ಗ್ರಾಂ. ಕೆಂಪು ಮಣ್ಣು ಸಿಗದಿದ್ದರೆ ಬೀದರ್ ಕಡೆಯ ಮುರುಮ್ (ಕೆಂಪು ಗರಸು ಮಣ್ಣು) ಜರಡಿ ಹಿಡಿದು ಬಳಸಬಹುದು. ಅದರಲ್ಲಿ ಸತ್ವ ಕಡಿಮೆ, ಗೊಬ್ಬರ ಇನ್ನೊಂದು ಬಕೆಟ್ ಹೆಚ್ಚಿಸಿ. ಕೊಕೊಪಿಟ್ 650 ಗ್ರಾಂನ ಇಟ್ಟಿಗೆಗಳಲ್ಲಿ ಬರುತ್ತದೆ, ನೆನೆದರೆ ಒಂದೊಂದು ಎಂಟು ಲೀಟರಿನಷ್ಟು ಉಬ್ಬುತ್ತದೆ, ಮೂರು ಸಾಕು. ನೆನೆಸಿದ ನೀರನ್ನು ಎರಡು ಸಲ ಹಿಂಡಿ ಚೆಲ್ಲಿ, ಅದರಲ್ಲೂ ಉಪ್ಪಿರುತ್ತದೆ. ಒಣ ಗೊಬ್ಬರ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗವಸು ಹಾಕಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಹಾಕಿಸಿಕೊಳ್ಳಿ.

ಕರಿ ಕುಂಡಗಳನ್ನು ಎಸೆಯಬೇಕಿಲ್ಲ. ಹೊರಗೆ ಬಿಳಿ ಎನಾಮೆಲ್ ಪೇಂಟ್ ಎರಡು ಕೈ ಹೊಡೆಯಿರಿ. ಸುಣ್ಣ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಮಳೆಗೆ ಕಳಚುತ್ತದೆ. ತಳದಲ್ಲಿ ನಾಲ್ಕು ತೂತು ಇರಲಿ, ಮೇಲೆ ಒಂದು ತುಂಡು ಬಲೆ. ಮೇಲ್ಗಡೆ ಒಂದೂವರೆ ಇಂಚು ಜಾಗ ಬಿಟ್ಟು ಮಣ್ಣು ತುಂಬಿ, ನೆಟ್ಟ ಮೇಲೆ ಒಂದು ಇಂಚು ದಪ್ಪ ಹೊದಿಕೆ ಹಾಕಿ: ಸೇಂಗಾ ಸಿಪ್ಪೆ, ತೊಗರಿ ಹೊಟ್ಟು, ಒಣ ಬೇವಿನೆಲೆ, ಯಾವುದು ಸಿಕ್ಕರೂ ನಡೆಯುತ್ತದೆ. ಮಣ್ಣು ಒಂದಿಂಚು ಇಳಿದಾಗಲೆಲ್ಲ ಹೊದಿಕೆಯನ್ನೂ ತುಂಬುತ್ತಿರಬೇಕು.

ಏನು ಹಚ್ಚಬೇಕೆಂದರೆ: ತುಳಸಿ ಒಂದು, ದುಂಡುಮಲ್ಲಿಗೆ ಒಂದು, ಬದುಕಿ ಉಳಿದ ದಾಸವಾಳ ಎರಡು, ಕಾಗದದ ಹೂ ಒಂದು, ಸದಾಪುಷ್ಪ ಒಂದು. ಕಾಗದದ ಹೂವಿಗೆ ನಮ್ಮ ಬಿಸಿಲು ಇಷ್ಟ, ಹೆಚ್ಚು ನೀರು ಕೊಟ್ಟರೆ ಬರೀ ಎಲೆ. ಗುಲಾಬಿಯನ್ನು ಈ ವರ್ಷ ಬಿಡಿ. ಅದು ಹೂ ಕೊಡುವುದಕ್ಕಿಂತ ಕೆಲಸ ಕೊಡುವ ಗಿಡ. ಉಳಿದೆರಡು ಅಗಲ ಬಾಯಿಯ ಕುಂಡಗಳಲ್ಲಿ ಪಲ್ಯ ಬೆಳೆಯಿರಿ, ಏಕೆಂದರೆ ಹೂವಿನ ಗಿಡ ಫಲ ಕೊಡಲು ತಿಂಗಳುಗಳು ಬೇಕು, ಸೊಪ್ಪು ವಾರದೊಳಗೆ ಮೊಳೆತು ಮುಖ ತೋರಿಸುತ್ತದೆ. ಈಗ ಪುಂಡಿಪಲ್ಯ ಹಾಕಿ: ಬೀಜ ಅರ್ಧ ಇಂಚು ಆಳ, ಒಂದೊಂದರ ನಡುವೆ ಎರಡಿಂಚು, ಐದಾರು ದಿನಕ್ಕೆ ಮೊಳಕೆ, ತಿಂಗಳೊಪ್ಪತ್ತಿಗೆ ತುದಿ ಚಿವುಟಬಹುದು. ಚಿವುಟಿದಷ್ಟೂ ಕವಲೊಡೆಯುತ್ತದೆ. ಮೆಂತ್ಯ, ಕೊತ್ತಂಬರಿಯನ್ನು ದಸರೆಯ ನಂತರಕ್ಕೆ ಇಟ್ಟುಕೊಳ್ಳಿ. ಮಳೆಯಲ್ಲಿ ಮೆಂತ್ಯದ ಬುಡ ಕೊಳೆಯುತ್ತದೆ. ಮೆಂತ್ಯ ರಾತ್ರಿ ನೆನೆಸಿ ಬಿತ್ತಿದರೆ ಮೂರ್ನಾಲ್ಕು ದಿನಕ್ಕೆ ಮೇಲೆ ಬರುತ್ತದೆ, 25 ದಿನಕ್ಕೆ ಕೊಯ್ಲು. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಬೇಕು, ಅದಕ್ಕೆ ಹತ್ತು ದಿನದ ತಾಳ್ಮೆ ಬೇಕು.

ನೀರು ಹಾಕುವುದಕ್ಕೆ ಗಡಿಯಾರ ನೋಡಬೇಡಿ, ಬೆರಳು ಇಳಿಸಿ ನೋಡಿ. ಎರಡು ಗೆಣ್ಣಿನ ಆಳದಲ್ಲಿ ತೇವ ಹತ್ತಿದರೆ ಆ ದಿನ ನೀರು ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಬೇಕಾಗದೇ ಇರಬಹುದು. ಬೆಳಿಗ್ಗೆ ಹದಿನೈದು ನಿಮಿಷ, ಫೋನ್ ಕೆಳಗೇ ಬಿಟ್ಟು ಹೋಗಿ. ನೀರು ಹಾಕಿದ ಮೇಲೆ ಒಂದೇ ಒಂದು ಚಿಕ್ಕ ಕೆಲಸ: ಒಂದು ಕುಂಡದ ಒಣ ಎಲೆ ಕೀಳುವುದು, ಇಲ್ಲವೇ ಒಂದರ ಮಣ್ಣು ಕೆದಕುವುದು. ಎಲ್ಲ ಕುಂಡದ ಎಲ್ಲ ಕೆಲಸವನ್ನೂ ಅಂದೇ ಮುಗಿಸಲು ಹೋಗಬೇಡಿ. ಗಿಡದ ಫೋಟೋ ಹಾಕಿ ಮೆಚ್ಚುಗೆ ಎಣಿಸುವುದು ಶುರುವಾದರೆ ಆಫೀಸಿನ ಗುರಿ ಮಾಳಿಗೆಗೂ ಹತ್ತಿ ಬಂದಂತೆ.

ಹೊಸ ಎಲೆ ಹಳದಿಯಾದರೆ ಒಂದು ಲೀಟರ್ ಮಳೆ ನೀರಿಗೆ ಮೂರು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ ಮೂರು ಸಲ. ಫರ್ಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಗೋಣಿಚೀಲ ಹಾಸಿ. ದಾಸವಾಳಕ್ಕೆ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕೂತರೆ ಮೊದಲು ನೀರಿನ ಧಾರೆಯಿಂದ ತೊಳೆಯಿರಿ, ಆಮೇಲೆ ಲೀಟರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಮಿಲಿ ದ್ರವ ಸೋಪು. ಬಿಸಿಲಿರುವಾಗ ಹೊಡೆದರೆ ಎಣ್ಣೆಯೇ ಎಲೆ ಸುಡುತ್ತದೆ.

ಮಳೆ ನೀರು ಹಿಡಿಯುವುದು ಕಷ್ಟವಲ್ಲ. ನೂರು ಚದರಡಿ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ ಸುಮಾರು 185 ಲೀಟರ್ ಆಗುತ್ತದೆ, ಸೋರಿದ್ದು ಕಳೆದು 150 ಕೈಗೆ ಸಿಗುತ್ತದೆ. 200 ಲೀಟರಿನ ಒಂದು ಡ್ರಮ್ ಸಾಕು. ಮೊದಲ ಮಳೆಯ ಧೂಳು ನೀರು ಹೋಗಲಿ. ಬಾಯಿಗೆ ಸೊಳ್ಳೆ ಬಲೆ ಬಿಗಿದು ಕಟ್ಟಿ, ಡೆಂಗಿ ಸೊಳ್ಳೆಗೆ ಇಂಥ ತಿಳಿ ನೀರೇ ಬೇಕು. ಇದೇ ಕಾರಣಕ್ಕೆ ಖಾಲಿ 26 ಕುಂಡಗಳನ್ನು ಬೋರಲು ಹಾಕಿ, ಇಲ್ಲವೇ ಬೇಕೆನ್ನುವವರಿಗೆ ಕೊಟ್ಟುಬಿಡಿ.

ಡ್ರಮ್ಮನ್ನು ಮಾಳಿಗೆಯ ಮೇಲಿಡಬೇಡಿ, ಪೈಪಿನಿಂದ ಕೆಳಗೆ ನೆಲಕ್ಕಿಳಿಸಿ. ನಿಮ್ಮ ಮನೆಯ ಚಾವಣಿಯ ವಿಷಯ ಹಗುರವಲ್ಲ. ಜನ ಓಡಾಡುವ ಆರ್‌ಸಿಸಿ ಮಾಳಿಗೆಯನ್ನೇ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ. ತೊಲೆಯಿಂದ ತೊಲೆಗೆ ಫರ್ಸಿ ಹಾಸಿದ ಹಳೆ ಚಾವಣಿಗೆ ಅಂಥ ಭರವಸೆಯೂ ಇಲ್ಲ. ಕಲ್ಲು ಮೇಲಿನ ಒತ್ತು ತಡೆಯುತ್ತದೆ, ನಡುವೆ ಬಾಗಿಸುವ ಭಾರ ತಡೆಯದೆ ಸೀಳುತ್ತದೆ. ಒದ್ದೆ ಮಣ್ಣಿನ 12 ಇಂಚಿನ ಕುಂಡ ಸುಮಾರು 18 ಕಿಲೋ. ನಿಮ್ಮ 34 ಕುಂಡಗಳು ಆರು ನೂರು ಕಿಲೋ ದಾಟಿದ್ದವು. ಎಂಟೇ ಇದ್ದರೂ ಕೆಳಗೆ ಗೋಡೆಯಿರುವ ಸಾಲಿನ ಮೇಲೇ, ಬಿಡಿಬಿಡಿಯಾಗಿ, ಪ್ರತಿಯೊಂದನ್ನೂ ಎರಡು ಇಟ್ಟಿಗೆಯ ಮೇಲೆ ಇಡಿ. ಅಡಿಯಲ್ಲಿ ಗಾಳಿಯಾಡಿದರೆ ಸೋರಿಕೆ ಕಾಣುತ್ತದೆ, ಚೇಳೂ ಕೂರುವುದಿಲ್ಲ. ಒಳಗಿನಿಂದ ತೊಲೆಗೆ ತುಕ್ಕು, ಕಲ್ಲಿಗೆ ಬಿರುಕು, ತೇವದ ಕಲೆ ಕಂಡರೆ ಎಂಜಿನಿಯರಿಗೆ ತೋರಿಸುವವರೆಗೆ ಒಂದು ಕುಂಡವೂ ಬೇಡ, ಅಂಗಳಕ್ಕೆ ಇಳಿಸಿ.

ಬರುವ ಬೇಸಿಗೆಗೆ ಫೆಬ್ರವರಿ ಕೊನೆಯ ವಾರವೇ ಶೇಕಡ 50ರ ಹಸಿರು ನೆರಳು ಬಲೆ ಕಟ್ಟಿಸಿ, ಎಂಟಡಿ ಎತ್ತರಕ್ಕೆ. ಶೇಕಡ 75ರದ್ದು ಬೇಡ, ಹೂ ಬಿಡುವುದು ನಿಲ್ಲುತ್ತದೆ. ಮೇ ತಿಂಗಳ ಗಾಳಿ ಮಳೆಗೆ ಬಲೆ ಪಟದಂತೆ ಎದ್ದು ಕಂಬ ಸಮೇತ ಹಾರಿದ್ದುಂಟು. ಮೂಲೆಗಳನ್ನು ಹಗ್ಗದ ಬದಲು ರಬ್ಬರ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಎಳೆದಾಗ ಹಿಗ್ಗುತ್ತದೆ. ಮಾರ್ಚ್ ಕೊನೆಯ ಎರಡು ವಾರ ನೀವು ಮಾಳಿಗೆ ಹತ್ತಲಾರಿರಿ ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಕುಂಬಾರರಲ್ಲಿ ಅರ್ಧ ಲೀಟರ್ ಹಿಡಿಯುವ ಚಿಕ್ಕ ಮಣ್ಣಿನ ಮಗಿಗಳನ್ನು ಕೊಂಡು, ಬಣ್ಣ ಹಚ್ಚದವನ್ನು ನೋಡಿ, ಕುಂಡಕ್ಕೊಂದರಂತೆ ಕತ್ತಿನವರೆಗೆ ಹೂಳಿ. ಇದನ್ನು ಈಗಲೇ ಗಿಡ ನೆಡುವಾಗ ಮಾಡಬೇಕು, ಬೆಳೆದ ಮೇಲೆ ಹೂಳಲು ಹೋದರೆ ಬೇರು ಹರಿಯುತ್ತದೆ. ಮಗಿ ತುಂಬಿಸಿ ಬಾಯಿ ಮುಚ್ಚಿದರೆ ನೀರು ಜಿನುಗುತ್ತಾ ಬೇರಿಗೆ ಹೋಗುತ್ತದೆ. ಮೇಲೆ ಹೊದಿಕೆ, ನೆರಳು ಬಲೆ ಎರಡೂ ಇದ್ದರೆ ಒಂದು ದಿನ ತಪ್ಪಿದರೂ ಗಿಡ ತಡೆಯುತ್ತದೆ. ಅದಕ್ಕಿಂತ ಹೆಚ್ಚು ತಪ್ಪುವಂತಿದ್ದರೆ ಮಗಿ ತುಂಬಿಸುವ ಕೆಲಸ ಮನೆಯಲ್ಲಿ ಯಾರಿಗಾದರೂ ಒಪ್ಪಿಸಿ, ಎಂಟು ಮಗಿಗೆ ಐದು ನಿಮಿಷ ಸಾಕು. ಬೋರ್ ನೀರಿನ ಸುಣ್ಣಕ್ಕೆ ಮಗಿಯ ರಂಧ್ರಗಳು ವರ್ಷದಲ್ಲಿ ಮುಚ್ಚಿಕೊಳ್ಳುತ್ತವೆ. ನೀರು ಇಳಿಯುವುದು ನಿಧಾನವಾಯಿತು ಎನಿಸಿದಾಗ ಹೊರತೆಗೆದು ನಿಂಬೆ ಉಪ್ಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ ಮತ್ತೆ ಅದೇ ಗುಂಡಿಗೆ ಇಡಿ.